ಪೀಣ್ಯದಿಂದ ಸರ್ಜಾಪುರಕ್ಕೆ, ಎರಡು ಹೊಸ ಫೋನುಗಳ ಜೊತೆ

ಬೆಳಿಗ್ಗೆ ಏಳಕ್ಕೆ ಪೀಣ್ಯದ ಆಫೀಸಿನಿಂದ ಹೊರಟಾಗ ಹೆಗಲ ಚೀಲದಲ್ಲಿ ಕಂಪನಿಯ ಎರಡು ಹೊಸ ಫೋನುಗಳಿದ್ದವು, ಜೇಬಿನಲ್ಲಿ ನನ್ನದೇ ಹಳೆಯದೊಂದು. ನೋಟು ರದ್ದಾದ ಮರುವರ್ಷ ಅದು. ಅಂಗಡಿಗಳಿಗೆ ಕಾರ್ಡ್ ಉಜ್ಜುವ ಮಷೀನು ಹಾಕಿಕೊಡುವುದು ನಮ್ಮ ಕಂಪನಿಯ ಕೆಲಸ. ಅದು ಕೆಟ್ಟಾಗ ಹೋಗಿ ಬೈಸಿಕೊಳ್ಳುವುದು ನನ್ನ ಕೆಲಸ. ಕಾರ್ಡಿನ ಬದಲು ಫೋನನ್ನೇ ಮಷೀನಿಗೆ ಹಿಡಿದು ಹಣ ಕೊಡುವ ವ್ಯವಸ್ಥೆ ಆಗಷ್ಟೇ ಬಂದಿತ್ತು. ಯಾವ ಫೋನು ಯಾವ ಮಷೀನಿಗೆ ಹೊಂದುತ್ತದೆ, ಯಾವುದಕ್ಕೆ ಹೊಂದುವುದಿಲ್ಲ ಎಂದು ಹೂಡಿ, ವರ್ತೂರು, ಸರ್ಜಾಪುರದ ಅಂಗಡಿಗಳಲ್ಲಿ ನೋಡಿಕೊಂಡು ಬರಬೇಕಿತ್ತು. ಷರತ್ತೊಂದೇ: ನಮ್ಮ ಸ್ವಂತ ಕಾರ್ಡನ್ನು ಆ ಫೋನುಗಳಿಗೆ ಸೇರಿಸಿ ಏನಾದರೂ ಕೊಳ್ಳಬೇಕು, ಖರ್ಚನ್ನು ಕಂಪನಿ ಆಮೇಲೆ ಕೊಡುತ್ತದೆ. ಅದನ್ನು ಕೇಳಿಯೇ ಉಳಿದವರೆಲ್ಲ ಮೆಲ್ಲಗೆ ಜಾರಿಕೊಂಡರು. ನಾನು ಮಾತ್ರ ಹೋಗುತ್ತೇನೆಂದೆ. ಕಾರಣವನ್ನು ಯಾರಿಗೂ ಹೇಳಲಿಲ್ಲ.

ಕಾರಣ ನನ್ನ ಹೆಂಡತಿ ಗಿರಿಜಾ. ಅವಳು ಶಾಲೆಯಲ್ಲಿ ಟೀಚರ್. ಎರಡು ವರ್ಷದ ಹಿಂದೆ ಚನ್ನರಾಯಪಟ್ಟಣದ ಕಡೆಗೆ ವರ್ಗವಾಯಿತು. ಮೊದಮೊದಲು ಭಾನುವಾರ ಅವಳು ಬರುತ್ತಿದ್ದಳು, ಇಲ್ಲವೇ ನಾನು ಹೋಗುತ್ತಿದ್ದೆ. ಆಮೇಲೆ ಹಬ್ಬಕ್ಕೆ ಮಾತ್ರ ಎಂದಾಯಿತು. ಆಮೇಲೆ ಹಬ್ಬಕ್ಕೂ ಏನೋ ಒಂದು ನೆವ. ಜಗಳವಾಗಿದ್ದರೆ ರಾಜಿ ಮಾಡಿಸಲು ನಾಲ್ಕು ಜನ ಬರುತ್ತಿದ್ದರು, ನಮಗೆ ಆ ಭಾಗ್ಯವೂ ಇರಲಿಲ್ಲ.

ನಾನು ಹಿಂದೆ ಫ್ಯಾಕ್ಟರಿಯಲ್ಲಿದ್ದಾಗ ಒಳಗೆ ಫೋನು ಒಯ್ಯಲು ಬಿಡುತ್ತಿರಲಿಲ್ಲ. ಹಾಗಾಗಿ ನನ್ನ ಬ್ಯಾಂಕ್ ಖಾತೆಗೆ ಅವಳ ನಂಬರನ್ನೇ ಕೊಟ್ಟಿದ್ದೆ, ಅದು ಹಾಗೇ ಉಳಿದಿತ್ತು. ಕಾರ್ಡನ್ನು ಹೊಸ ಫೋನಿಗೆ ಸೇರಿಸುವಾಗ ಬರುವ ಆರಂಕಿಯ ಓಟಿಪಿ ಹೋಗುವುದು ಅವಳಿಗೆ. ಅದನ್ನು ಕೇಳಲು ಅವಳಿಗೆ ಫೋನ್ ಮಾಡಲೇಬೇಕು. ಎರಡು ಫೋನು ಎಂದರೆ ಎರಡು ಕರೆ. ಎರಡರಲ್ಲಿ ಒಂದರಲ್ಲಾದರೂ, ವಾಪಸ್ ಬಾ ಎಂದು ಕೇಳಿಬಿಡಬೇಕು ಅಂದುಕೊಂಡೇ ಮನೆಯಿಂದ ಹೊರಟಿದ್ದೆ.

ಮೊದಲ ಕರೆ ಗೊರಗುಂಟೆಪಾಳ್ಯದ ಬಸ್ ಸ್ಟಾಪಿನಿಂದ ಮಾಡಿದೆ. ಕೆಲಸದ ವಿಷಯ ಹೇಳಿದೆ. "ಬಂತು, ಬರ್ಕೊಳ್ಳಿ" ಎಂದು ಅಂಕಿಗಳನ್ನು ಓದಿದಳು. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಪಕ್ಕದಲ್ಲೇ ಲಾರಿಯೊಂದು ಹಾರ್ನ್ ಬಾರಿಸಿತು. "ಆಯ್ತಾ? ಸ್ಕೂಲಿಗೆ ಹೊರಡೋ ಹೊತ್ತು, ಇಡ್ತೀನಿ" ಎಂದಳು. ಲಾರಿಯವನನ್ನು ಮನಸಾರೆ ಶಪಿಸಿ ಬಸ್ಸು ಹತ್ತಿದೆ.

ಹೂಡಿ ತಲುಪಲು ಎರಡು ಗಂಟೆ ಹಿಡಿಯಿತು. ಎಸಿ ಬಸ್ಸು, ಟಿಕೆಟ್ಟಿಗೆ ತೊಂಬತ್ತರ ಆಸುಪಾಸು. ಕಂಡಕ್ಟರು ನನ್ನ ಕೈಯಲ್ಲಿದ್ದ ಫೋನು ನೋಡಿ, "ಅದೆಲ್ಲ ಬೇಡ ಸಾರ್, ಚಿಲ್ಲರೆ ತೆಗೀರಿ" ಎಂದರು. ಪಕ್ಕದ ಸೀಟಿಗೆ ಒಬ್ಬರಾದ ಮೇಲೊಬ್ಬರಂತೆ ಮೂರು ಜನ ಬಂದು ಕೂತು ಇಳಿದುಹೋದರು. ಮೂವರ ಕಿವಿಯಲ್ಲೂ ಇಯರ್‌ಫೋನು. ಹೆಬ್ಬಾಳದಲ್ಲಿ ಒಬ್ಬನಿಗೆ "ಬಿಸಿಲು ಜಾಸ್ತಿ ಅಲ್ವಾ?" ಎಂದೆ. ಒಂದು ಕಿವಿಯದನ್ನು ಕಿತ್ತು "ವಾಟ್?" ಎಂದ. ಏನಿಲ್ಲ ಎಂದು ಕೈಯಾಡಿಸಿದೆ.

ಹೂಡಿಯಲ್ಲಿ ಟೆಕ್ ಪಾರ್ಕಿನ ಗೇಟಿನೆದುರು ನಿಂತು ತಿನ್ನುವ ಹೋಟೆಲೊಂದಿತ್ತು. ಇಡ್ಲಿ, ವಡೆ, ಕಾಫಿ ಹೇಳಿ ಫೋನು ಚಾಚಿದೆ. ಕ್ಯಾಶಿಯರು ಅದನ್ನು ಇಸಿದುಕೊಂಡು, ಕಾರ್ಡಿನಂತೆ ಅದರ ಅಂಚನ್ನು ಮಷೀನಿನ ಸೀಳಿಗೆ ಹಾಕಿ ಉಜ್ಜಲು ಶುರುಮಾಡಿದರು. ಹತ್ತು ಸಾವಿರ ದಾಟಿದ ಫೋನು! "ಅಣ್ಣ, ಉಜ್ಜಬೇಡಿ, ಮೇಲೆ ಹಿಡಿದರೆ ಸಾಕು" ಎಂದು ಬಿಡಿಸಿಕೊಂಡೆ. ಮಷೀನಿನ ಮೇಲೆ ಅಲೆಯ ಗುರುತಿತ್ತು, ಅಲ್ಲಿ ಫೋನಿನ ಬೆನ್ನು ತಾಗಿಸಿದ ಕೂಡಲೇ ಬೀಪ್ ಎಂದಿತು. "ಏ ಗುರು, ಬಾ ನೋಡು ಇಲ್ಲಿ, ಮುಟ್ಟಿದ್ರೆ ದುಡ್ಡು ಬರುತ್ತೆ!" ಎಂದು ಅವರು ಒಳಗಿದ್ದವರನ್ನು ಕರೆದರು. ದೋಸೆ ಹುಯ್ಯುವವರೂ ಬಂದು ನೋಡಿದರು. ನನಗೆ ಐದು ನಿಮಿಷ ಮದುವಣಿಗನ ಮರ್ಯಾದೆ. ಆಮೇಲೆ ತಟ್ಟೆ ಹಿಡಿದು ಎತ್ತರದ ಮೇಜಿಗೆ ಹೋದೆ. ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡ ಮೂವರು ಹರಟುತ್ತಿದ್ದರು; ತಟ್ಟೆಗಳನ್ನು ತುಸು ಸರಿಸಿ ನನಗೆ ಜಾಗ ಮಾಡಿ, ನನ್ನತ್ತ ಬೆನ್ನು ತಿರುಗಿಸಿಕೊಂಡರು.

ಕಾಫಿ ಕುಡಿಯುವಾಗ ಒಂದು ವಿಷಯ ಹೊಳೆಯಿತು. ಓಟಿಪಿ ಮಾತ್ರವಲ್ಲ, ಹಣ ಹೋದ ಮೆಸೇಜೂ ಅವಳಿಗೇ ಹೋಗುತ್ತದೆ, ಅದರಲ್ಲಿ ಅಂಗಡಿಯ ಹೆಸರೂ ಇರುತ್ತದೆ. ವರ್ಷಗಟ್ಟಲೆ ನಾನು ಎಟಿಎಮ್ಮಿನಿಂದ ನೋಟು ತೆಗೆದು ಖರ್ಚು ಮಾಡಿದವನು, ಅದರ ಕಡೆ ಗಮನವೇ ಹೋಗಿರಲಿಲ್ಲ. ಈಗ ಸ್ಟಾಫ್ ರೂಮಿನ ಮೇಜಿನ ಮೇಲೆ ಅವಳ ಫೋನು ನಡುಗಿ, ನಾನು ಹೂಡಿಯಲ್ಲಿ ತಿಂಡಿ ತಿಂದೆನೆಂದು ಹೇಳಿರಬೇಕು. ನನಗೆ ಬಹಳ ಸಂತೋಷವಾಯಿತು. ಅಲ್ಲಿಂದ ಮುಂದೆ ಅವಳು ಓದುತ್ತಾಳೆಂದೇ ಅಂಗಡಿ ಹುಡುಕತೊಡಗಿದೆ. ಆರೋಗ್ಯ ನೋಡಿಕೊಳ್ಳುತ್ತಿದ್ದೇನೆಂದು ಅವಳಿಗೆ ತಿಳಿಯಲೆಂದು ಹಣ್ಣಿನ ಅಂಗಡಿಗೆ ಹೋಗಿ, ಬೇಡದಿದ್ದರೂ ದಾಳಿಂಬೆ ಕೊಂಡೆ. ಇನ್ನೊಂದು ಅಂಗಡಿಯ ಮಷೀನು ಹಳೆಯದು, ಅಲೆಯ ಗುರುತಿರಲಿಲ್ಲ. ಆಮೇಲೆ ನೋಡೋಣವೆಂದು ಮುಂದೆ ಹೋದೆ.

ವರ್ತೂರಿಗೆ ಬಂದಾಗ ಬಿಸಿಲು ಏರಿತ್ತು. ಬಸ್ಸು ಕೆರೆಯ ಪಕ್ಕ ಬರುತ್ತಲೇ ಎಲ್ಲರೂ ಮೂಗು ಮುಚ್ಚಿಕೊಂಡರು. ಬಿಳಿ ನೊರೆ ರಸ್ತೆಗೆ ಹಾರಿ ಬರುತ್ತಿತ್ತು. ಸ್ಟಾಪಿನ ಹತ್ತಿರವೇ ಬೇಕರಿ, ಗಾಜಿನ ಹಿಂದೆ ಕೆಂಪು ಜಾಮು ಹಚ್ಚಿ ಕೊಬ್ಬರಿ ತುರಿ ಉದುರಿಸಿದ ಜೇನು ಕೇಕು. ಗಿರಿಜಾಗೆ ಅದೆಂದರೆ ಪ್ರಾಣ. ಬೇಕರಿಯ ಹೆಸರು ನೋಡಿದರೆ ನಾನು ಏನು ತಿಂದೆನೆಂದು ಅವಳಿಗೆ ಗೊತ್ತಾಗಿಯೇ ಆಗುತ್ತದೆ ಎಂದು ಒಳಹೊಕ್ಕೆ. ಗಲ್ಲಾಪೆಟ್ಟಿಗೆಯ ಹಿಂದೆ ಊರಿನ ಹಳೇ ಯಜಮಾನರೊಬ್ಬರು ಕೂತಿದ್ದರು. ಹೊಲವಿದ್ದ ಕಡೆ ಈಗ ಅವರ ಬಾಡಿಗೆ ಮನೆಗಳಿವೆಯಂತೆ.

"ಇಂಗೆ ಇಟ್ರೆ ಆಯ್ತದಾ?" ಎಂದು ಅವರೇ ನನ್ನ ಫೋನು ತೆಗೆದುಕೊಂಡು ಮಷೀನಿನ ಮೇಲೆ ಮಲಗಿಸಿದರು. ಬೀಪ್ ಎಂದಿತು. ಹೊರಬಂದ ಚೀಟಿಯನ್ನು ಎರಡು ಸಲ ಓದಿದೆ. ಬೇಕರಿಯ ಹೆಸರಿರಬೇಕಾದ ಕಡೆ ಯಾವುದೋ ವೈನ್ಸ್ ಎಂದಿತ್ತು.

"ಯಜಮಾನ್ರೇ, ಇದರಲ್ಲಿ ವೈನ್ಸ್ ಅಂತ ಬಂದಿದೆಯಲ್ಲ?"

"ನಮ್ ತಮ್ಮನ ವೈನ್ ಶಾಪಿನ್ ಮಿಸೀನು ಕಣಪ್ಪ. ನಮ್ದು ಕೆಟ್ಟೋಗದೆ, ಅದ್ಕೆ ಇಸ್ಕೊಂಡ್ ಬಂದಿವ್ನಿ."

"ಹಾಗೆಲ್ಲ ಅದಲುಬದಲು ಮಾಡಬಾರದು. ಮೆಸೇಜು ಆ ಹೆಸರಲ್ಲೇ ಹೋಗುತ್ತೆ."

"ಓಗ್ಲಿ ಬುಡು. ದುಡ್ಡೇನು ಎಣ್ಣೆ ವಾಸ್ನೆ ಒಡೀತದಾ? ಕೇಕ್ ತಿನ್ನು."

ತಿಂದೆ. ರುಚಿ ಹತ್ತಲಿಲ್ಲ. ಬೆಳಿಗ್ಗೆ ಹನ್ನೊಂದೂವರೆಗೇ ಗಂಡ ವೈನ್ ಶಾಪಿನಲ್ಲಿದ್ದಾನೆಂಬ ಸುದ್ದಿ ಅವಳಿಗೆ ತಲುಪಿಯಾಗಿತ್ತು. ಒಂಟಿಯಾಗಿ ಹಾಳಾದ ಎಂದುಕೊಂಡಾಳೇ? ಕೂಡಲೇ ಫೋನ್ ಮಾಡೋಣವೆಂದರೆ ಅದು ಪಾಠದ ಹೊತ್ತು.

ಸರ್ಜಾಪುರದವರೆಗಿನ ದಾರಿಯಲ್ಲಿ ರಾಗಿ ಹೊಲಗಳ ನಡುನಡುವೆ ಅಪಾರ್ಟ್‌ಮೆಂಟಿನ ಕಂಬಗಳು ಎದ್ದು ನಿಂತಿದ್ದವು. ಊರಲ್ಲಿ ಮೂರ್ನಾಲ್ಕು ಅಂಗಡಿ ಮುಗಿಸಿ ಒಂದು ಖಾನಾವಳಿಗೆ ಹೋಗುವಾಗ ಸಂಜೆ ನಾಲ್ಕು. ನಡೆಸುವವರು ರಾಯಚೂರು ಕಡೆಯ ಹೆಂಗಸು, ಉಣ್ಣುವವರು ಕಟ್ಟಡದ ಕೆಲಸಕ್ಕೆ ಬಂದ ಅವರ ಕಡೆಯ ಜನ. ಮಷೀನು ಹಳೆಯದು. ಬೆಳಿಗ್ಗೆಯಿಂದ ಬಳಸುತ್ತಿದ್ದ ಫೋನು ಅದಕ್ಕೆ ಹೊಂದಲಿಲ್ಲ. ಹಳೇ ಮಷೀನಿಗೂ ಹೊಂದುತ್ತದೆಂದು ಹೇಳುತ್ತಿದ್ದುದು ಎರಡನೆಯ ಫೋನು. ಅದಕ್ಕೆ ಕಾರ್ಡು ಸೇರಿಸಬೇಕಿತ್ತು.

"ಅಕ್ಕಾ, ಹಣ ಕೊಡೋಕೆ ಸ್ವಲ್ಪ ತಡ ಆಗುತ್ತೆ."

"ಮೊದ್ಲ ಊಟ ಮಾಡ್ರಿ. ರೊಕ್ಕ ಎಲ್ಲಿ ಓಡಿ ಹೋಗ್ತದ?" ಎಂದು ಅವರು ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿಯೇಬಿಟ್ಟರು. ನಾನು ತಟ್ಟೆ ಬಿಟ್ಟು ಹೊರಗೆ ಬಂದು, ಎರಡನೆಯ ಫೋನಿಗೆ ಕಾರ್ಡಿನ ನಂಬರು ಹಾಕಿ, ಗಿರಿಜಾಗೆ ಫೋನ್ ಮಾಡಿದೆ.

"ಓಟಿಪಿ ಬಂದಿದೆ. ಅದಿರ್ಲಿ, ಹನ್ನೊಂದೂವರೆಗೇ ವೈನ್ಸಾ?" ಎಂದಳು.

ಅಣ್ಣತಮ್ಮಂದಿರ ಮಷೀನಿನ ಕಥೆಯನ್ನು ಒಂದೇ ಉಸಿರಿಗೆ ಹೇಳಿದೆ. ಅವಳು ಜೋರಾಗಿ ನಕ್ಕಳು. "ಸೋಡಾ ಕುಡಿದ್ರೇ ರಾತ್ರಿಯೆಲ್ಲಾ ತೇಗೋರು ನೀವು! ನಂಗೆ ಆಗ್ಲೇ ಅನ್ನಿಸ್ತು ಕಣ್ರೀ, ಏನೋ ಎಡವಟ್ಟಾಗಿದೆ ಅಂತ. ಹಣ್ಣಿನ ಅಂಗಡಿ ಬೇರೆ!"

ಆ ನಗು ಕೇಳಿ ಎಷ್ಟು ಕಾಲವಾಗಿತ್ತೋ. ಇದೇ ಹೊತ್ತು ಅನ್ನಿಸಿತು.

"ಗಿರಿಜಾ, ವಾಪಸ್ ಬಂದ್ಬಿಡು. ಇಲ್ಲಾ ನಾನೇ ಅಲ್ಲಿಗೆ ಬರ್ತೀನಿ. ಕೆಲಸ ಬಿಟ್ಟರೂ ಪರವಾಗಿಲ್ಲ."

ಆ ಕಡೆ ಮಕ್ಕಳ ಗಲಾಟೆ ಕೇಳುತ್ತಿತ್ತು. ಬಾಗಿಲು ಮುಚ್ಚಿದ ಸದ್ದಾಯಿತು, ಗಲಾಟೆ ಕಡಿಮೆಯಾಯಿತು.

"ಬೇಡ ರೀ. ನಿಮ್ಮ ಮೇಲೆ ಕೋಪ ಇಲ್ಲ. ಒಬ್ಳೇ ಇರೋದು ನಂಗೆ ಹಿಡಿಸ್ಬಿಟ್ಟಿದೆ, ನಿಜ ಹೇಳ್ತಿದ್ದೀನಿ. ಆದ್ರೆ ಇವತ್ತು ಬೆಳಿಗ್ಗೆಯಿಂದ ಒಂದೊಂದು ಮೆಸೇಜ್ ಬಂದಾಗ್ಲೂ ನೀವೆಲ್ಲಿದ್ದೀರಿ, ಏನು ತಿಂದ್ರಿ ಅಂತ ಪಾಠದ ಮಧ್ಯೆ ಯೋಚಿಸ್ತಾ ನಿಂತೆ. ನಂಗೆ ಅದು ಬೇಡ. ನಾಳೆನೇ ಬ್ಯಾಂಕಿಗೆ ಹೋಗಿ ನಂಬರ್ ಬದಲಾಯಿಸ್ಕೊಳ್ಳಿ."

ಆಯಿತು ಎಂದೆ. ಆಮೇಲೆ ಅವಳು ಆರು ಅಂಕಿಗಳನ್ನೂ ಮಕ್ಕಳಿಗೆ ಉಕ್ತಲೇಖನ ಹೇಳುವಂತೆ ಎರಡು ಸಲ ಹೇಳಿ, "ಬರ್ಕೊಂಡ್ರಾ?" ಎಂದು ಕೇಳಿ ಫೋನಿಟ್ಟಳು.

ಫೋನಿಗೆ ಅಂಕಿ ಒತ್ತಿದರೆ ಅವಧಿ ಮುಗಿದಿದೆ ಎಂದಿತು. ಇನ್ನೊಂದು ಓಟಿಪಿ ತರಿಸಬಹುದಿತ್ತು, ಆದರೆ ಮತ್ತೆ ಅವಳಿಗೇ ಫೋನ್ ಮಾಡಬೇಕು. ಎರಡನೆಯ ಫೋನನ್ನು ಚೀಲಕ್ಕೆ ಹಾಕಿ ಒಳಗೆ ಬಂದೆ. "ರೊಟ್ಟಿ ಆರ್ಯಾವ, ತಡೀರಿ" ಎಂದು ಆ ಅಕ್ಕ ತಟ್ಟೆಯಿಂದ ಅವನ್ನು ತೆಗೆದು ಬಿಸಿಯದು ಹಾಕಿದರು. ನಾನು ತಲೆ ತಗ್ಗಿಸಿ ಎಲ್ಲವನ್ನೂ ತಿಂದು ನೋಟು ಕೊಟ್ಟೆ.

ಪೀಣ್ಯಕ್ಕೆ ಮರಳುವ ದಾರಿ ಉದ್ದವಾಯಿತು. ಪಕ್ಕದ ಸೀಟು ಕೊನೆಯವರೆಗೂ ಖಾಲಿಯಿತ್ತು.

ಮರುದಿನ ಬಾಗಿಲು ತೆರೆಯುವ ಹೊತ್ತಿಗೇ ಬ್ಯಾಂಕಿನಲ್ಲಿದ್ದೆ. ಕೌಂಟರಿನ ಮೇಡಂ, "ಹಳೇ ನಂಬರ್ ಯಾರ್ದು ಸಾರ್?" ಎಂದರು.

"ಮನೆಯವರದು."

"ಅವರಿಗೆ ಗೊತ್ತಾ?"

"ಅವರೇ ಹೇಳಿದ್ದು."

ಮಧ್ಯಾಹ್ನದೊಳಗೆ ಬದಲಾಗುತ್ತದೆ ಎಂದರು. ಆಫೀಸಿಗೆ ಹೋಗಿ, ಎರಡನೆಯ ಫೋನನ್ನು ಪರೀಕ್ಷಿಸಲಾಗಲಿಲ್ಲ ಎಂದು ಹೇಳಿ ಬೈಸಿಕೊಂಡೆ. ಒಂದು ಗಂಟೆಗೆ ಎದುರಿನ ಹೋಟೆಲಿನಲ್ಲಿ ಊಟದ ಟೋಕನ್ ಕೊಳ್ಳಲು ಮಷೀನಿಗೆ ಮೊದಲ ಫೋನು ತಾಗಿಸಿದೆ. ಬೀಪ್ ಎಂದಿತು. ಅದರ ಹಿಂದೆಯೇ ಅಂಗಿಯ ಜೇಬಿನಲ್ಲಿ ನನ್ನ ಹಳೇ ಫೋನು ನಡುಗಿತು. ತೆಗೆದು ನೋಡಿದೆ: ಇಷ್ಟು ರೂಪಾಯಿ, ಇಂಥ ಹೋಟೆಲು, ಇಷ್ಟು ಗಂಟೆ. ಊಟಕ್ಕೆ ಹೊರಟವನೂ ನಾನೇ, ಸುದ್ದಿ ಬಂದದ್ದೂ ನನಗೇ.