ಪ್ರೇಕ್ಷಕರಿಗೆ ಮಾತ್ರ ಗೊತ್ತಿದ್ದದ್ದು

ಸೋಲದೇವನಹಳ್ಳಿಯ ಕಾಲೇಜೊಂದರಲ್ಲಿ ನಾನು ಕನ್ನಡ ಪಾಠ ಮಾಡುತ್ತೇನೆ. ಮೊದಲ ವರ್ಷದವರಿಗೆ ನಾಟಕ ಓದಿಸುವ ಮುಂಚೆ ಅದರ ಪರಿಭಾಷೆ ಹೇಳಿಕೊಡಬೇಕು: ನಾಯಕ, ಪ್ರತಿನಾಯಕ, ಸಂಘರ್ಷ, ಸ್ವಗತ. ಅರ್ಧ ತರಗತಿ ಮೊಬೈಲ್ ನೋಡುತ್ತಿರುತ್ತದೆ, ಇನ್ನರ್ಧ ನನ್ನ ಮುಖ ನೋಡುತ್ತಲೇ ನಿದ್ದೆ ಮಾಡುತ್ತದೆ. ಅಮ್ಮ ಹಾಸಿಗೆ ಹಿಡಿದ ವರ್ಷ ಮಾತ್ರ, ನಾಟಕೀಯ ವ್ಯಂಗ್ಯದ ಪಾಠಕ್ಕೆ ಬಂದಾಗ ನಾನೇ ಪುಸ್ತಕ ಮುಚ್ಚಿಟ್ಟೆ. ಪ್ರೇಕ್ಷಕರಿಗೆಲ್ಲ ಗೊತ್ತಿರುವುದು ಪಾತ್ರಕ್ಕೆ ಗೊತ್ತಿರುವುದಿಲ್ಲ, ಅದೇ ನಾಟಕೀಯ ವ್ಯಂಗ್ಯ ಎಂದೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು, “ಮ್ಯಾಮ್, ಅಷ್ಟು ಜನ ಕೂತಿರ್ತಾರಲ್ಲ, ಒಬ್ರಾದ್ರೂ ಎದ್ದು ಹೇಳ್ಬಾರ್ದಾ?”

“ನೋಡಕ್ಕೆ ಬಂದೋರು ಹೇಳಲ್ಲಮ್ಮ,” ಎಂದು ಬೋರ್ಡಿನ ಕಡೆ ತಿರುಗಿದೆ.

ಅಬ್ಬಿಗೆರೆಯ ನಮ್ಮ ಮನೆಯಲ್ಲಿ ಆಗ ಅದೇ ನಡೆದಿತ್ತು. ಅಮ್ಮನಿಗೆ ಕ್ಯಾನ್ಸರ್, ಡಾಕ್ಟರು ಕೈಚೆಲ್ಲಿದ್ದರು. ಅವಳಿಗೆ ಹೇಳಿದ್ದು ಹೊಟ್ಟೆಹುಣ್ಣು ಎಂದು. ನಮ್ಮಲ್ಲಿ ಇದೇ ರೂಢಿ. ರೋಗಿಯೊಬ್ಬರನ್ನು ಬಿಟ್ಟು ಊರಿಗೆಲ್ಲ ತಿಳಿಸುತ್ತಾರೆ. ಎದುರು ಮನೆಯವರಿಗೆ ಗೊತ್ತು, ಹಾಲಿನವನಿಗೂ ಗೊತ್ತು. ನೋಡಲು ಬಂದವರು ಬಾಗಿಲಲ್ಲಿ ಕಣ್ಣೊರೆಸಿಕೊಂಡು, ಒಳಗೆ ನಗುತ್ತಾ “ಖಾರ ಕಮ್ಮಿ ಮಾಡ್ರಿ, ಸರಿಹೋಗುತ್ತೆ” ಎನ್ನುತ್ತಿದ್ದರು. ಹೇಳಿಬಿಡೋಣ ಎಂದು ನಾನು ಜಗಳವಾಡಿದೆ. ಅಣ್ಣ ಒಪ್ಪಲಿಲ್ಲ. ಧೈರ್ಯ ಕೆಟ್ಟರೆ ಬೇಗ ಹೋಗಿಬಿಡುತ್ತಾಳೆ ಎಂಬುದು ಅವನ ಭಯ.

ಅಮ್ಮನಿಗೆ ಇದ್ದವಳು ಒಬ್ಬಳೇ ಅಕ್ಕ, ಯಲಹಂಕದಲ್ಲಿ. ಇಬ್ಬರ ನಡುವೆ ವರ್ಷಗಳಿಂದ ಮಾತಿರಲಿಲ್ಲ. ದೊಡ್ಡಮ್ಮ ಮಗಳ ಮದುವೆಗೆ ಮನೆಗೆ ಬಂದು ಕುಂಕುಮ ಕೊಟ್ಟು ಕರೆಯದೆ, ಮೊಬೈಲಿಗೆ ಲಗ್ನಪತ್ರಿಕೆ ಕಳಿಸಿದ್ದರು. ಕಂಡಕಂಡವರಿಗೆ ಕಳಿಸಿದ ಹಾಗೆ ಒಡಹುಟ್ಟಿದವಳಿಗೂ ಕಳಿಸಿದಳಲ್ಲ ಎಂದು ಅಮ್ಮ ಮದುವೆಗೆ ಹೋಗಲಿಲ್ಲ. ಅಲ್ಲಿಗೆ ಹೋಗಿಬರುವುದು ನಿಂತಿತು.

ಹಾಸಿಗೆ ಹಿಡಿದ ಮೇಲೆ ಅಮ್ಮನ ಬಾಯಲ್ಲಿ ಅಕ್ಕನದೇ ಮಾತು. ಕರೆಸಲಾ ಎಂದರೆ ಬೇಡ ಎನ್ನುತ್ತಿದ್ದಳು. “ಈ ಅವತಾರದಲ್ಲಿ ನೋಡಿದ್ರೆ ಅಯ್ಯೋ ಪಾಪ ಅಂತಾಳೆ. ಹುಣ್ಣು ವಾಸಿ ಆಗ್ಲಿ, ನಾನೇ ಹೋಗ್ತೀನಿ. ಎಷ್ಟಾದ್ರೂ ಅವಳು ದೊಡ್ಡೋಳು.” ಜನ್ಮದಲ್ಲಿ ಯಾರಿಗೂ ಬಗ್ಗದ ಅಮ್ಮ ಹೀಗೆ ಮೆತ್ತಗಾದದ್ದನ್ನು ತರಗತಿಯಲ್ಲಾದರೆ ಬೆಳವಣಿಗೆಯಿರುವ ಪಾತ್ರ ಎಂದು ಬರೆಸುತ್ತಿದ್ದೆ. ವಾಸಿಯಾಗುವುದಿಲ್ಲವೆಂದು ತಿಳಿದಿದ್ದರೆ ಅವಳು ಅಕ್ಕನನ್ನು ಅಂದೇ ಕರೆಸುತ್ತಿದ್ದಳು.

ದೊಡ್ಡಮ್ಮನಿಗೂ ವಿಷಯ ಗೊತ್ತಿತ್ತು. ಹೊರಟು ನಿಂತವರನ್ನು ಅಣ್ಣ ಫೋನಿನಲ್ಲೇ ತಡೆದಿದ್ದ. “ಇಷ್ಟ್ ವರ್ಷ ಬರ್ದೇ ಇದ್ದೋರು ಈಗ ಬಂದು ನಿಂತ್ರೆ ಅಮ್ಮಂಗೆ ಎಲ್ಲಾ ಗೊತ್ತಾಗ್ಬಿಡುತ್ತೆ ದೊಡ್ಡಮ್ಮ. ಕೈ ಮುಗೀತೀನಿ, ಬರ್ಬೇಡಿ.” ಅವರು ಬರಲಿಲ್ಲ. ದಿನಾ ಸಂಜೆ ನಾನು ಬಸ್ಸಿಳಿಯುವ ಹೊತ್ತಿಗೆ ಫೋನ್ ಮಾಡಿ, “ಇವತ್ತು ಏನ್ ತಿಂದ್ಲು?” ಎಂದು ಕೇಳುತ್ತಿದ್ದರು. ಎರಡು ಚಮಚ ಗಂಜಿ ಎಂದರೆ ಫೋನ್ ಇಡುತ್ತಿದ್ದರು. ಅಣ್ಣನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ, ಇವತ್ತಿಗೂ ಪೂರ್ತಿ ಇಳಿದಿಲ್ಲ. ಆದರೆ ಅವನೂ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದ. ಅವನನ್ನು ಪ್ರತಿನಾಯಕ ಎಂದು ಕರೆದು ಕೈತೊಳೆದುಕೊಳ್ಳಲು ನನ್ನಿಂದ ಆಗಲಿಲ್ಲ.

ಒಂದು ಬೆಳಗ್ಗೆ ಅಮ್ಮ ಹೋದಳು. ಹಿಂದಿನ ದಿನವೂ, ಯಲಹಂಕಕ್ಕೆ ಉಟ್ಟುಕೊಂಡು ಹೋಗಲು ಹಸಿರು ಸೀರೆಗೆ ಫಾಲ್ ಹೊಲಿಸಿಡು ಎಂದಿದ್ದಳು.

ದೊಡ್ಡಮ್ಮ ಆಟೋದಲ್ಲಿ ಬಂದರು. ನಡುಮನೆಯಲ್ಲಿ ಮಲಗಿಸಿದ್ದ ತಂಗಿಯ ತಲೆಯ ಬಳಿ ಕೂತು ಕೆನ್ನೆ ಸವರಿದರು. ಅಳಲಿಲ್ಲ. ಅಣ್ಣನ ಕಡೆ ತಿರುಗಿದರು.

“ನಾನ್ ಬಂದ್ರೆ ಅವಳಿಗೆ ಗೊತ್ತಾಗ್ಬಿಡುತ್ತೆ ಅಂದ್ಯಲ್ಲಪ್ಪ. ಗೊತ್ತಾಗಿದ್ರೆ ಏನಾಗ್ತಿತ್ತು? ಸತ್ತೋಗ್ತಿದ್ಲಾ?”

ಗೋಡೆಗೊರಗಿ ನಿಂತಿದ್ದ ಅಣ್ಣ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟ.