ಸಲಹೆ ಹಿಂದಕ್ಕೆ ಪಡೆದ ಗಡಿಯಾರದ ಮೇಷ್ಟ್ರು

ಬಿ.ಕಾಂ. ಮುಗಿಸಿದವರು ಮುಂದೇನು ಮಾಡಬೇಕು ಎಂಬ ಪ್ರಶ್ನೆಗೆ ಮನೆಮನೆಯಲ್ಲೂ ಎರಡೇ ಉತ್ತರಗಳಿದ್ದ ಕಾಲವೊಂದಿತ್ತು: ಒಂದು ಬ್ಯಾಂಕು, ಇನ್ನೊಂದು ಸಿ.ಎ.; ಅವೆರಡೂ ಆಗದಿದ್ದರೆ ‘ಏನೋ ಒಂದು ಕೆಲಸ’. ಆ ‘ಏನೋ ಒಂದು’ ಎಂಬುದರೊಳಗೆ ಎಷ್ಟು ಬಗೆಯ ಗೌರವದ ವೃತ್ತಿಗಳು ಅಡಗಿವೆಯೆಂದು ಬಿಡಿಸಿ ತೋರಿಸಿದವರು, ಮೂವತ್ನಾಲ್ಕು ವರ್ಷಗಳ ಅಧ್ಯಾಪನದ ಬಳಿಕ ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ವಾಣಿಜ್ಯ ವಿಭಾಗದ ಹಿರಿಯರು. ಹಾಜರಿ ಪುಸ್ತಕದಲ್ಲಿ ಅವರಿಗೊಂದು ಹೆಸರಿದೆ, ನಿಜ. ಆದರೆ ವಿದ್ಯಾರ್ಥಿಗಳ ಬಾಯಲ್ಲಿ ಅವರು ಎಂದಿಗೂ ಗಡಿಯಾರದ ಮೇಷ್ಟ್ರು.

ಸೇವೆಗೆ ಸೇರಿದ ಮೂರನೆಯ ವರ್ಷ, ಬೇರೆ ಯಾರೂ ಒಪ್ಪದ ಉದ್ಯೋಗ ಮಾರ್ಗದರ್ಶನದ ಹೊಣೆಯನ್ನು ಪ್ರಿನ್ಸಿಪಾಲರು ಇವರ ತಲೆಗೆ ಕಟ್ಟಿದರು. ಸಿಕ್ಕಿದ್ದು ಮೆಟ್ಟಿಲ ಕೆಳಗಿನ ಕೋಣೆ. ಎತ್ತರದವರು ತಲೆ ತಗ್ಗಿಸದೆ ಒಳಗೆ ಹೋಗುವಂತಿರಲಿಲ್ಲ. ಅಲ್ಲಿ ಅವರು ಭಾಷಣ ಮಾಡಲಿಲ್ಲ, ಕರಪತ್ರ ಹಂಚಲಿಲ್ಲ. ಬಂದವರ ಕೈಗೊಂದು ಪತ್ರ ಕೊಟ್ಟು, ವಿಮೆಯ ಪರಿಹಾರ ವಿಭಾಗಕ್ಕೋ, ಆಸ್ಪತ್ರೆಯ ಹಣಕಾಸು ಕಚೇರಿಗೋ, ತೆರಿಗೆ ಸಲಹೆಗಾರರ ಬಳಿಗೋ, ಲೆಕ್ಕದಲ್ಲಿ ನಡೆದ ಮೋಸವನ್ನು ಪತ್ತೆಹಚ್ಚುವವರ ಬಳಿಗೋ ಅಟ್ಟುತ್ತಿದ್ದರು. “ಒಂದು ದಿನ ಸುಮ್ನೆ ಕೂತು ಬಾ. ಸಂಬಳ ಕೇಳಬೇಡ” ಎಂಬುದಷ್ಟೇ ಉಪದೇಶ. ಮರುದಿನ ಒಂದೇ ಪ್ರಶ್ನೆ: “ಮೊದಲ ಸಲ ಗಡಿಯಾರ ನೋಡಿದ್ದು ಎಷ್ಟು ಗಂಟೆಗೆ?” ಬೇಗ ನೋಡಿದವರಿಗೆ ಆ ಕೆಲಸ ಒಗ್ಗದು ಎಂಬುದು ಅವರ ತೀರ್ಮಾನ. ನಗಬೇಡಿ, ಈ ಒಂದು ಪ್ರಶ್ನೆಯಿಂದ ದಾರಿ ಕಂಡುಕೊಂಡವರು ಇಂದು ನೂರಾರು ಮಂದಿ ಇದ್ದಾರೆ.

ಒಬ್ಬಳ ವಿಷಯದಲ್ಲಿ ಮಾತ್ರ ಆ ಪ್ರಶ್ನೆ ಕೈಕೊಟ್ಟಿತು. ಆಕೆ ಟೈಲರೊಬ್ಬರ ಮಗಳು, ಮಾತು ಕಡಿಮೆ. ಬ್ಯಾಂಕಿನಲ್ಲಿ ಕೂತ ದಿನ ಊಟದ ಹೊತ್ತಿನವರೆಗೂ ಗಡಿಯಾರದ ಕಡೆ ತಿರುಗಲಿಲ್ಲ. ಬಿಸ್ಕತ್ತಿನ ಕಾರ್ಖಾನೆಯ ಕಾಸ್ಟಿಂಗ್ ವಿಭಾಗದಲ್ಲಿ, ಎಂದರೆ ಒಂದೊಂದು ಪೊಟ್ಟಣ ತಯಾರಾಗಲು ಏನೇನು ಖರ್ಚು ಎಂದು ಲೆಕ್ಕ ಹಾಕುವಲ್ಲಿ, ಹತ್ತೂಕಾಲಿಗೇ ನೋಡಿಬಿಟ್ಟಿದ್ದಳು. “ಹಾಗಾದ್ರೆ ಬ್ಯಾಂಕೇ ಸರಿ ಕಣಮ್ಮ” ಎಂದರು ಮೇಷ್ಟ್ರು. ಆಕೆಯ ಮುಖ ಸಪ್ಪಗಾಯಿತು, ಆದರೂ ಅವರು ಹೇಳಿದಂತೆ ಅರ್ಜಿ ಹಾಕಿದಳು. ಬ್ಯಾಂಕಿನ ಪರೀಕ್ಷೆಯಲ್ಲೂ ಗೆದ್ದಳು. ನೇಮಕದ ಪತ್ರ ಬಂತು. ಒಪ್ಪಿಗೆ ಕಳಿಸಲು ಒಂದು ವಾರದ ಗಡುವು. ಮನೆಯಲ್ಲಿ ಎಲ್ಲರಿಗೂ ಸಂಭ್ರಮ, ಆಕೆಯೊಬ್ಬಳನ್ನು ಬಿಟ್ಟು.

ಗಡುವಿಗೆ ಒಂದೇ ದಿನ ಉಳಿದಿದ್ದಾಗ ಮೇಷ್ಟ್ರಿಗೆ ಕಾರ್ಖಾನೆಯ ಕಾಸ್ಟಿಂಗ್ ಅಧಿಕಾರಿ ಸಿಕ್ಕರು. “ಆ ಹುಡುಗಿ ಎಲ್ಲಿ ಸರ್? ಒಂದು ಬ್ಯಾಚ್ ಇಳಿದು ಇನ್ನೊಂದು ಏರೋವರೆಗೆ ಒಲೆ ಖಾಲಿ ಉರೀತಿತ್ತಲ್ಲ, ಅದು ಎಷ್ಟು ನಿಮಿಷ ಅಂತ ಬೆಳಿಗ್ಗೆಯಿಂದ ಗಡಿಯಾರ ನೋಡಿ ಬರ್ಕೊಂಡಿದ್ಲು. ನಾವು ಹತ್ತು ವರ್ಷದಲ್ಲಿ ಅದನ್ನ ನೋಡಿರ್ಲಿಲ್ಲ. ಆರು ತಿಂಗಳ ತರಬೇತಿಗೆ ಕಳಿಸಿ.”

ಮೇಷ್ಟ್ರು ಅಂದು ಮಧ್ಯಾಹ್ನದ ಪಾಠವನ್ನು ಸಹೋದ್ಯೋಗಿಗೆ ಒಪ್ಪಿಸಿ, ಎರಡು ಬಸ್ಸು ಬದಲಿಸಿ ಆಕೆಯ ಮನೆಗೆ ಹೋದರು. ಬಟ್ಟೆಯ ತುಂಡುಗಳನ್ನು ಸರಿಸಿ ಕೊಟ್ಟ ಜಾಗದಲ್ಲಿ ಕೂರಲೂ ಇಲ್ಲ.

“ನಾನು ಹೇಳಿದ್ದನ್ನ ವಾಪಸ್ ತಗೊಳ್ಳೋಕೆ ಬಂದಿದ್ದೀನಿ. ಯಾವಾಗ ಗಡಿಯಾರ ನೋಡಿದೆ ಅಂತ ಕೇಳ್ದೆ. ಯಾಕೆ ನೋಡಿದೆ ಅಂತ ಕೇಳ್ಲಿಲ್ಲ. ತಪ್ಪು ನಂದು. ಕಾರ್ಖಾನೆಯವರು ನಿನ್ನನ್ನ ತರಬೇತಿಗೆ ಕರೀತಿದ್ದಾರೆ.”

ತಂದೆಗೆ ಸಿಟ್ಟು ನೆತ್ತಿಗೇರಿತು. “ಬ್ಯಾಂಕು ಅಂದೋರೂ ನೀವೇ, ಬೇಡ ಅನ್ನೋರೂ ನೀವೇ! ಆ ಕಾರ್ಖಾನೆಯಲ್ಲಿ ಆರು ತಿಂಗಳ ತರಬೇತಿ ಅಷ್ಟೇ ಅಂತೆ. ಆಮೇಲೆ ಕೆಲಸ ಸಿಗುತ್ತೆ ಅಂತ ಬರ್ಕೊಡ್ತೀರಾ?”

“ಇಲ್ಲ. ಒಂದು ಸಲ ಗೊತ್ತಿಲ್ಲದೆ ಹೇಳಿದ್ದೇ ಸಾಕು. ಅವಳನ್ನೇ ಕೇಳಿ.”

ಅಪ್ಪ ಕೇಳುವವರೆಗೂ ಆಕೆ ಕಾಯಲಿಲ್ಲ. “ಅಪ್ಪ, ನಾನು ಕಾರ್ಖಾನೆಗೆ ಹೋಗ್ತೀನಿ” ಎಂದಳು. ಎಷ್ಟೋ ವರ್ಷ ಪಾಠ ಹೇಳಿದ ಮನುಷ್ಯ ತಮ್ಮ ಮನೆಯ ಹೊಸ್ತಿಲ ಬಳಿ ತಲೆ ತಗ್ಗಿಸಿ ನಿಂತದ್ದನ್ನು ಆಕೆ ನೋಡುತ್ತಿದ್ದಳು. ಆ ಧೈರ್ಯ ಬಂದದ್ದು ಅಲ್ಲಿಂದಲೇ ಎಂದು ಆಕೆ ಇಂದಿಗೂ ಹೇಳುತ್ತಾರೆ.

ತರಬೇತಿ ಕೆಲಸವಾಯಿತು. ಹನ್ನೊಂದು ವರ್ಷಗಳಲ್ಲಿ ಆಕೆ ಆ ವಿಭಾಗದ ಮುಖ್ಯಸ್ಥೆಯಾದರು. ಈ ವರ್ಷ ಅವರ ಕೈಕೆಳಗೆ ಸೇರಿದ, ಮೇಷ್ಟ್ರ ಶಿಷ್ಯೆಯೇ ಆದ ಹೊಸ ಉದ್ಯೋಗಿಯೊಬ್ಬಳು ಊಟದ ಹೊತ್ತಿನಲ್ಲಿ ಒಂದು ಕಥೆ ಹೇಳಿದಳು. “ನಮ್ ಸರ್ ಪ್ರತಿ ವರ್ಷ ಮೊದಲನೇ ಕ್ಲಾಸಲ್ಲಿ ಅವರ ತಪ್ಪನ್ನೇ ಪಾಠ ಮಾಡ್ತಾರೆ ಮೇಡಂ. ಯಾರೋ ಹುಡುಗಿಗೆ ಮೊದಲು ಬ್ಯಾಂಕೇ ಸರಿ ಅಂದು, ಆಮೇಲೆ ಅವರೇ ಆ ಕೆಲಸ ಬಿಡಿಸಿದ್ರಂತೆ. ಈಗ ಅವಳು ಚೆನ್ನಾಗಿದ್ದಾಳಾ ಸರ್ ಅಂತ ಕೇಳಿದ್ವಿ. ‘ದೊಡ್ಡ ಹುದ್ದೆಯಲ್ಲಿದ್ದಾಳೆ, ಆದ್ರೆ ಸಂತೋಷವಾಗಿದ್ದೀಯಾ ಅಂತ ಕೇಳೋ ಧೈರ್ಯ ನಂಗಿನ್ನೂ ಬಂದಿಲ್ಲ’ ಅಂದ್ರು.”

ಆಕೆ ಊಟದ ಡಬ್ಬಿ ಮುಚ್ಚಿದರು. ಇಷ್ಟು ವರ್ಷಗಳಲ್ಲಿ ಎಷ್ಟೋ ಸಮಾರಂಭಗಳಲ್ಲಿ ಎದುರಾದಾಗ ಮೇಷ್ಟ್ರು ಕೆಲಸ ವಿಚಾರಿಸಿದ್ದರು, ಅಪ್ಪನ ಆರೋಗ್ಯ ವಿಚಾರಿಸಿದ್ದರು, ಇದೊಂದನ್ನು ಕೇಳಿರಲಿಲ್ಲ. ಮರುದಿನವೇ ಆಕೆ ಮೆಟ್ಟಿಲ ಕೆಳಗಿನ ಕೋಣೆಗೆ ಹೋದರು.

“ಸರ್, ಸಂತೋಷವಾಗಿದ್ದೀನಿ. ಹೇಳೋಕೆ ಹನ್ನೊಂದು ವರ್ಷ ತಡ ಆಯ್ತು.”

ಮೇಷ್ಟ್ರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಒರೆಸಿದರು. “ಹೌದೇನಮ್ಮಾ?” ಎಂದರು. ಅಷ್ಟೇ.

ನಿವೃತ್ತಿಯ ನಂತರವೂ ವಾರಕ್ಕೆರಡು ದಿನ ಆ ಕೋಣೆಗೆ ಬರಲು ಅವರು ಒಪ್ಪಿರುವುದು ನಮ್ಮೆಲ್ಲರ ಭಾಗ್ಯ. ಅವರಿಂದ ದಾರಿ ಕಂಡವರು ದಯವಿಟ್ಟು ಒಮ್ಮೆ ಹೋಗಿ ಬನ್ನಿ. ಅವರಾಗಿ ಕೇಳಲಾರರು, ನೀವಾಗಿ ಹೇಳಬೇಕು. ಹಾಗೆ ಹೇಳಲು ಬರುವ ಕಟ್ಟಕಡೆಯವರ ಮಾತನ್ನೂ ಕೇಳುವಷ್ಟು ಆಯುಸ್ಸು ಅವರದಾಗಲಿ.