ಬೆಳಗಿದ ಬಾಣಲಿ

ಮನಿಮನಿಗೆ ನಾನ್‌ಸ್ಟಿಕ್ ಪಾತ್ರಿ ಮಾರಾವ್ರಿಗೆ ಒಂದು ಕಷ್ಟ ಐತಿ. ಯಾರರ ತಾಟು ಮುಂದಿಟ್ರ ಬ್ಯಾಡ ಅನ್ನಾಕ ಬರೂದಿಲ್ಲ, ಗಿರಾಕಿ ಸಿಟ್ಟಾಗ್ತಾರ.

ಆವತ್ತು ಗುಡೂರಾಗ ಗೌರಕ್ಕನ ಮನಿಗೆ ಹೋಗಿದ್ದೆ. ಹಿಂದಿನ ತಿಂಗಳು ನಾನೇ ಆಕಿಗೆ ಒಂದು ಬಾಣಲಿ ಮಾರಿದ್ದೆ. "ಒಳಗ ಹಚ್ಚಿದ್ದು ವಿಷ ಅಲ್ರಿ ಅಕ್ಕಾರ, ಕೂಸಿಗೂ ಏನೂ ಆಗೂದಿಲ್ಲ" ಅಂತ ಎದಿ ತಟ್ಟಿ ಹೇಳಿದ್ದೆ. ಮೆತ್ತನ ಸ್ಪಂಜಿಲೆ ತೊಳೀರಿ ಅಂತನೂ ಹೇಳಿದ್ದೆ. ಅದನ್ನ ಆಕಿ ಕಿವಿಮ್ಯಾಲೆ ಹಾಕ್ಕೊಂಡಿದ್ದಿಲ್ಲ.

ಬಿಸಿಬಿಸಿ ಉಪ್ಪಿಟ್ಟು ಕೊಟ್ಲು. ಸಾಸಿವಿ ಸ್ವಲ್ಪ ಜಾಸ್ತಿ ಆಗೇತಿ ಅನಿಸ್ತು. ಆದ್ರೂ ರುಚಿ ಇತ್ತು, ತಾಟು ಖಾಲಿ ಮಾಡಿದೆ.

"ಬಾಣಲಿ ಹೆಂಗೈತ್ರಿ ಅಕ್ಕಾರ?" ಅಂದೆ.

ಗೌರಕ್ಕ ಹೆಮ್ಮಿಲೆ ತಂದು ತೋರಿಸಿದ್ಲು. ಒಳಗಿನ ಕರಿ ಲೇಪ ಅರ್ಧಕ್ಕರ್ಧ ಹೋಗಿ, ಅಲ್ಯೂಮಿನಿಯಂ ಬೆಳ್ಳಿಯಂಗ ಹೊಳೀತಿತ್ತು.

"ದಿನಾ ಬೂದಿ, ಇಟ್ಟಂಗಿ ಪುಡಿ ಹಾಕಿ ತಿಕ್ಕಿ ಬೆಳಗೇನ್ರಿ. ಎಂಥಾ ಜಿಗುಟು ಮಸಿರಿ ಇದು! ಉಳಿದದ್ದು ಅಡಗಿ ಮಾಡುವಾಗ ತಾನೇ ಚೂರುಚೂರು ಏಳಾಕ ಹತ್ತೇತಿ."

"ಈ ಉಪ್ಪಿಟ್ಟು... ಇದರಾಗ ಮಾಡಿದ್ರೇನು?"

"ಹೂಂ ಮತ್ತ!"

"ಅದರಾಗಿನ ಸಾಸಿವಿ?"

"ಸಾಸಿವಿ ತೀರಿ ಭಾಳ ದಿನ ಆತ್ರಿ. ಹಾಕೇ ಇಲ್ಲ."

ಖಾಲಿ ತಾಟು ಕಣ್ಣಿನ ಹತ್ರ ತಂದು ನೋಡಿದೆ. ಗೌರಕ್ಕ ನನ್ನ ಮಾರಿ ನೋಡಿ ಗಾಬರಿಯಾದ್ಲು.

"ಯಾಕ್ರಿ ಅಣ್ಣಾರ, ಏನಾತು? ವಿಷ ಅಲ್ಲಂತ ನೀವೇ ಹೇಳಿದ್ರೆಲ್ಲ. ಇನ್ನೊಂದೀಟು ಹಾಕ್ಲೇನು?"

ಮಾರಾವನೇ ಬ್ಯಾಡ ಅಂದ್ರ ತಗೊಳ್ಳಾವ್ರು ಯಾರು? ತಾಟು ಮುಂದ ಮಾಡಿದೆ.